ಕಂಬಕ್ಕೆ ಕಟ್ಟಿದ ಕುರ್ಚಿ

ವರ್ಲೀನ್,

ಸ್ವರ್ಗದಲ್ಲಿ ನಿನ್ನ ಮಾನ ಕಳೆಯುವಂಥ ತಪ್ಪೊಪ್ಪಿಗೆ ಇದು: ನಾನು ಚರ್ಚಿನಿಂದ ಕುರ್ಚಿ ಕದ್ದೆ. ಅದೂ ಹಾಡುವವರ ಸಾಲಿನದು, ಮೆತ್ತೆ ಸಮೇತ.

ನಮ್ಮ ಮಗಳು ಕಿಯೋನಾ ಬಸುರಿಯಾಗಿದ್ದಳು. ನಮ್ಮ ಕಪ್ಪುಜನರ ಬಡಾವಣೆಯ ಹೆರಿಗೆ ಆಸ್ಪತ್ರೆ ಮುಚ್ಚಿದ ಮೇಲೆ ತಪಾಸಣೆಗೆ ಎರಡು ಬಸ್ಸು ಹಿಡಿಯಬೇಕು. ಸರೋವರದ ಕಡೆ ಬಿಳಿಯರ ಬಡಾವಣೆಯ ಬಸ್ ನಿಲ್ದಾಣಗಳಿಗೆ ಸೂರು, ಬೆಂಚು ಎಲ್ಲ ಉಂಟು. ನಮ್ಮದಕ್ಕೆ ಬರೀ ಕಂಬ. ನಮ್ಮ ಮೊದಲ ಮಗುವನ್ನು ಏಳು ತಿಂಗಳು ಹೊತ್ತು ನೀನು ಓಹಾಯೋದ ಚಳಿಯಲ್ಲಿ ನಿಂತದ್ದೂ ಅಲ್ಲೇ. ಆ ತೊಟ್ಟಿಲು ಖಾಲಿಯೇ ಉಳಿಯಿತು. ಆಗ ನನಗೆ ಕಳ್ಳತನ ಹೊಳೆಯಲಿಲ್ಲ.

ಈ ಸಲ ಕುರ್ಚಿಯನ್ನು ಕಂಬಕ್ಕೆ ಸರಪಳಿಯಿಂದ ಬಿಗಿದೆ. ನಿನ್ನೆ ಮೊಮ್ಮಗಳು ಒಂಬತ್ತು ತಿಂಗಳು ತುಂಬಿಸಿಕೊಂಡೇ ಬಂದಳು, ಏಳೂವರೆ ಪೌಂಡು! ದಾದಿಯೆದುರು ಎದೆಯುಬ್ಬಿಸಿ, "ಎಲ್ಲ ನನ್ನ ಕುರ್ಚಿಯ ಮಹಿಮೆ ಕಣಮ್ಮ" ಎಂದೆ.

ಕಿಯೋನಾ ನಕ್ಕಳು. "ಅಯ್ಯೋ ಅಪ್ಪಾ, ಅದ್ರಲ್ಲಿ ನಂಗೆಲ್ಲಿ ಜಾಗ ಸಿಕ್ತು? ಹೋದಾಗೆಲ್ಲ ಇನ್ಯಾರೋ ಬಸುರಿ ಕೂತಿರ್ತಿದ್ಲು. ಕೊನೆಗೆ ಪಕ್ಕದ್ಮನೆ ಒಡೆಸ್ಸಾ ಆಂಟೀನೇ ನಮ್ಮನ್ನೆಲ್ಲ ಕಾರಲ್ಲಿ ತುಂಬ್ಕೊಂಡು ಹೋಗ್ತಿದ್ರು."

ಆ ಕಾರಿನ ಪೆಟ್ರೋಲಿಗೆಂದು ಒಡೆಸ್ಸಾ ಮನೆಮನೆ ಕೇಳಿಕೊಂಡು ಬಂದಾಗ, "ನನ್ನ ಮಗಳಿಗೆ ಕುರ್ಚಿ ಇದೆ, ಹೋಗಮ್ಮ" ಎಂದು ಬಾಗಿಲು ಹಾಕಿಕೊಂಡವನು ನಾನೇ, ವರ್ಲೀನ್.