ಕೀರ್ತನನ ಬುಲೆಟ್

ಸೆಪ್ಟೆಂಬರ್ 7, ಭಾನುವಾರ

ಬಟ್ಟೆ ಮೆಷಿನ್‌ಗೆ ಹಾಕಿ ಚಹಾ ಇಟ್ಟೆ. ಪ್ರಕೃತಿಗೆ ಫೋನ್ ಬಂತು. ಡೊಂಬಿವಲಿಯ ಅವಳ ಹಳೆಯ ಫ್ಲ್ಯಾಟಿನ ಸೊಸೈಟಿಯಿಂದ. ನವರಾತ್ರಿಯ ಗರ್ಬಾ ಕುಣಿತಕ್ಕೆ ಪಾರ್ಕಿಂಗ್ ಖಾಲಿಯಾಗಬೇಕಂತೆ. ಅಲ್ಲಿ ನಿಂತಿರುವ ಬುಲೆಟ್ ತೆಗೆಯಿರಿ, ಇಲ್ಲದಿದ್ದರೆ ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕುತ್ತೇವೆ ಎಂದರಂತೆ.

ಕೀರ್ತನನ ಬುಲೆಟ್. ಅವಳ ಮೊದಲ ಗಂಡ. ಅವನು ತೀರಿಕೊಂಡು ಆರು ವರ್ಷ, ನಮ್ಮ ಮದುವೆಯಾಗಿ ಹದಿನಾಲ್ಕು ತಿಂಗಳು.

"ರಿಪೇರಿ ಮಾಡಿಸ್ತೀನಿ, ಸುಮುಖ. ಆಯುಧಪೂಜೆ ಹೊತ್ತಿಗೆ ಓಡ್ಬೇಕು."

"ಮಾಡಿಸು," ಅಂದೆ. ಚಹಾ ಉಕ್ಕಿತು.

ಸೆಪ್ಟೆಂಬರ್ 14, ಭಾನುವಾರ

ಬುಲೆಟ್ಟನ್ನು ಟೆಂಪೋದಲ್ಲಿ ಹಾಕಿಸಿ ವಿಠ್ಠಲವಾಡಿಯ ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಗುರುನಾಥ, ವಿಜಯಪುರದ ಕಡೆಯವನು. ಟ್ಯಾಂಕ್ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡ.

"ಪೆಟ್ರೋಲ್ ಕೊಳತೈತ್ರಿ ಅಕ್ಕಾರ. ಕಾರ್ಬುರೇಟರ್ ತೊಳೀಬೇಕು, ಬ್ಯಾಟ್ರಿ ಹೊಸಾದು ಬೇಕು. ಇಂಜಿನ್ ಛಲೋ ಐತಿ."

ಅವಳು ದುಪಟ್ಟಾದಿಂದ ಸೀಟು ಒರೆಸುತ್ತಿದ್ದಳು. ನನ್ನ ಕನ್ನಡಕವನ್ನು ಒಂದು ದಿನವೂ ಒರೆಸಿದವಳಲ್ಲ.

ಹೊಟ್ಟೆಕಿಚ್ಚು. ಬರೆದೇ ಬಿಟ್ಟೆ. ಗಾಡಿ ಶುರುವಾದರೆ ಓಡಿಸುವವನು ನಾನು. ಅವಳು ಹಿಂದೆ ಕೂತು ಕಣ್ಣು ಮುಚ್ಚುತ್ತಾಳೆ, ಅವನ ಸೊಂಟ ಹಿಡಿದಂತೆ ನನ್ನದನ್ನು ಹಿಡಿಯುತ್ತಾಳೆ... ಬೇಡ. ಅದು ಶುರುವಾಗುವುದೇ ಬೇಡ.

ಸೆಪ್ಟೆಂಬರ್ 18, ಗುರುವಾರ

ಐರೋಲಿಯ ಆಫೀಸಿನಿಂದ ಬಂದವನೇ ಹೇಳಿದೆ — ಗುರುನಾಥ ಫೋನ್ ಮಾಡಿದ್ದ, ಇಂಜಿನ್ ಜಾಮ್, ಭಂಗಾರಕ್ಕೆ ಕೊಡುವುದೇ ಒಳ್ಳೆಯದಂತೆ.

ಫೋನೂ ಇಲ್ಲ, ಜಾಮೂ ಇಲ್ಲ. ಅವಳು "ಹೌದಾ," ಅಂದು ಬೆಳ್ಳುಳ್ಳಿ ಸುಲಿಯುತ್ತ ಕೂತಳು. ಅಳಲಿಲ್ಲ. ಅತ್ತಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ.

ಸೆಪ್ಟೆಂಬರ್ 20, ಶನಿವಾರ

ಸಿಕ್ಕಿಬಿದ್ದೆ. ಅವಳೇ ಗುರುನಾಥನಿಗೆ ಫೋನ್ ಮಾಡಿದ್ದಾಳೆ, ಭಂಗಾರಕ್ಕೆ ಹೋಗುವ ಮುಂಚೆ ಗಾಡಿಯನ್ನು ಒಮ್ಮೆ ನೋಡಿಬರಬೇಕೆಂದು.

"ಇಂಜಿನ್ ಚೆನ್ನಾಗೇ ಇದೆಯಂತೆ. ಯಾಕೆ ಸುಳ್ಳು ಹೇಳ್ದೆ?"

"ಸತ್ತವನ ಗಾಡಿ ಎಷ್ಟು ದಿನ ಇಟ್ಕೋತೀಯ?"

ಆ ಮಾತು ಆಡಬಾರದಿತ್ತು. ಅವಳು ತಲೆದಿಂಬು ತೆಗೆದುಕೊಂಡು ಹಾಲ್‌ಗೆ ಹೋದಳು.

ಸೆಪ್ಟೆಂಬರ್ 28, ಭಾನುವಾರ

ಎಂಟು ದಿನ. ಉಪ್ಪು ಕೊಡು, ಬಾಗಿಲು ಹಾಕು. ಅಷ್ಟೇ ಮಾತು.

ಅಕ್ಟೋಬರ್ 1, ಬುಧವಾರ

"ಬರೋದಾದ್ರೆ ಬಾ," ಅಂದಳು. ಆಯುಧಪೂಜೆಗೆ ಗುರುನಾಥನ ಗ್ಯಾರೇಜಿಗೆ ಹೋದೆ.

ಬುಲೆಟ್ಟಿಗೆ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಪೂಜೆ ಮುಗಿಸಿ ಗುರುನಾಥ ಬೀಗದಕೈ ತಂದ. ನಾನು ಕೈ ಚಾಚಿದೆ. ಅವನು ಅವಳಿಗೆ ಕೊಟ್ಟ.

"ಆರ್‌ಸಿ ಅಕ್ಕಾರ ಹೆಸರೀಗೇ ಐತಲ್ರಿ."

ಪ್ರಕೃತಿ ದುಪಟ್ಟಾ ಸೊಂಟಕ್ಕೆ ಸುತ್ತಿ ಹತ್ತಿದಳು. ಒಂದು ಕಿಕ್. ಎರಡು. ನಾಲ್ಕನೆಯದಕ್ಕೆ ಗಾಡಿ ಕೆಮ್ಮಿ, ಹೊಗೆ ಬಿಟ್ಟು, ಗುಡುಗಿತು.

"ಕೀರ್ತನ್‌ಗೆ ಸೈಕಲ್ಲೂ ಬರ್ತಿರ್ಲಿಲ್ಲ. ಹಿಂದೆ ಕೂತು ಕಣ್ಣು ಮುಚ್ಕೋತಿದ್ದ."

"ಹೇಳ್ಲೇ ಇಲ್ವಲ್ಲ?"

"ನೀನು ಕೇಳಿದ್ಯಾ? ಮೊದಲ್ನೇ ದಿನದಿಂದ ಅವನ ಗಾಡಿ, ಅವನ ಗಾಡಿ ಅಂತಿದ್ದೆ." ಕ್ಲಚ್ ಹಿಡಿದು, "ಸುಳ್ಳಿಗೆ ಇನ್ನೂ ಕೋಪ ಇದೆ. ಕೂರ್ತೀಯಾ?"

ಕೂತೆ. ಅವನ ಜಾಗದಲ್ಲಿ. ಎಲ್ಲಿ ಹಿಡಿದುಕೊಳ್ಳಬೇಕೋ ತಿಳಿಯದೆ ಸೀಟಿನ ಹಿಂದಿನ ಕಂಬಿ ಹಿಡಿದೆ. ದುರ್ಗಾಡಿ ಸೇತುವೆ ದಾಟುವಾಗ ಲಾರಿ ಪಕ್ಕದಲ್ಲೇ ನುಗ್ಗಿಸಿದಳು.

"ಹೆದ್ರಿಕೆ ಆಗ್ತಿದ್ಯಾ?"

"ಇಲ್ಲ."

ನಕ್ಕಳು. ಹನ್ನೊಂದು ದಿನದ ಮೇಲೆ. ಅವನೂ ಹೀಗೇ ಅಂತಿದ್ದ ಎಂದು ಈಗ ಹೇಳುತ್ತಾಳೆ ಎಂದು ಕಾದೆ. ಬೈಪಾಸ್ ಉದ್ದಕ್ಕೂ ಕಾದೆ. ಹೇಳಲಿಲ್ಲ. ಮಾಜಿವಾಡಾ ಫ್ಲೈಓವರ್ ಮೇಲೆ ಕಂಬಿ ಬಿಟ್ಟು ಅವಳ ಸೊಂಟ ಹಿಡಿದೆ. ಬಿಗಿಯಾಗಿ. ಅವಳು ವೇಗ ಸ್ವಲ್ಪ ಕಡಿಮೆ ಮಾಡಿದಳು.