ಮೇಣ ಕಾಣದ ದಾರ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ತಂಗೀ,

ನೀವೆಲ್ಲ ಜೀವದಿಂದ ಇದ್ದೀರಿ ಅಂದುಕೊಂಡೇ ಈ ಕಾಗದ ಶುರು ಮಾಡುತ್ತಿದ್ದೇನೆ. ದೇವರು ಅಷ್ಟನ್ನು ನಡೆಸಿಕೊಟ್ಟಿರಲಿ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ನಿನಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದೇವೆ. ನಿನ್ನ ಭಾವನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ಉತ್ತರ ತಡವಾಯಿತು. ಅದಕ್ಕೆ ಲಾರಿ ಡ್ರೈವರನ್ನು ಬೈಯಬೇಡ. ಅವನು ನಿನ್ನ ಕಾಗದವನ್ನು ಜೋಪಾನವಾಗಿ ತಂದು ನನ್ನ ಕೈಗೇ ಕೊಟ್ಟ. ಅದಾಗಿ ಇವತ್ತಿಗೆ ಇಪ್ಪತ್ತೆರಡು ದಿನ. ತಡ ಮಾಡಿದವಳು ನಾನು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಫೋನ್ ಮಾಡಿದರೆ ನಿಮ್ಮ ಕಡೆ ಗುಂಯ್ ಅನ್ನುವ ಸದ್ದೊಂದೇ. ಸಿಕ್ಕಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಇವತ್ತು ಸಂಜೆ ಐದಕ್ಕೆ ಆ ಲಾರಿ ಮತ್ತೆ ನಿಮ್ಮ ಕಡೆ ಹೊರಡುತ್ತದೆ. ಇನ್ನು ಹರಿದು ಹಾಕಲು ಸಮಯವಿಲ್ಲ.

ಮೊದಲು ಮುಖ್ಯವಾದದ್ದು. ನಿನ್ನ ಮಗನಿಗೆ ಪಡೆಯಲ್ಲಿ ಕೊಟ್ಟಿರುವ ಆ ಕರಿ ಬೂಟನ್ನು ಅವನು ಹಾಕಿಕೊಳ್ಳಬಾರದು. ಹೇಗಾದರೂ ಮಾಡಿ ಅವನಿಗೆ ಸುದ್ದಿ ಮುಟ್ಟಿಸು. ಯಾಕೆ ಎಂದು ಹೇಳುತ್ತೇನೆ. ಕೂತು ಓದು.

ಹೋದ ಬೇಸಿಗೆಯಲ್ಲಿ ಆ ದೇಶದವರು ನಿಮ್ಮ ದೇಶದ ಮೇಲೆ ಏರಿ ಬಂದರಲ್ಲ, ಅದಕ್ಕೆ ಒಂದು ತಿಂಗಳ ಮುಂಚೆ ನಮ್ಮ ಕಾರ್ಖಾನೆಗೆ ದೊಡ್ಡ ಆರ್ಡರ್ ಬಂದಿತ್ತು. ಹದಿನಾಲ್ಕು ಸಾವಿರ ಜೊತೆ ಕಂದು ಬೂಟು, ಅವರ ಸೈನ್ಯಕ್ಕೆ. ಯುದ್ಧ ಶುರುವಾದ ಮೇಲೂ ನಾವು ಅದನ್ನೇ ಹೊಲಿಯುತ್ತಿದ್ದೆವು. ಇದನ್ನು ನಿನಗೆ ಒಂದು ಕಾಗದದಲ್ಲೂ ಬರೆಯಲಿಲ್ಲ. ಬೆಳಿಗ್ಗೆ ಎದ್ದು ನಿನಗಾಗಿ ಪ್ರಾರ್ಥನೆ ಮಾಡುತ್ತಿದ್ದೆ, ಎಂಟು ಗಂಟೆಗೆ ಹೋಗಿ ನಿನ್ನ ಬಾಗಿಲು ಒದೆಯುವವನ ಕಾಲಿಗೆ ಬೂಟು ಹೊಲಿಯುತ್ತಿದ್ದೆ.

ಊಟದ ಬಿಡುವಿನಲ್ಲಿ ದಿನಾ ಇದೇ ಮಾತು. ಚರ್ಮ ಕತ್ತರಿಸುವವನು, "ಮಾರೋದು ನಿಲ್ಲಿಸ್ಬೇಕು ಕಣ್ರೀ, ಬರಿಗಾಲಲ್ಲಿ ಎಷ್ಟು ದೂರ ಬರ್ತಾರೆ ನೋಡೋಣ" ಎನ್ನುತ್ತಿದ್ದ. ಅಂಟು ಬಳಿಯುವವನದು ಇನ್ನೊಂದು ರಾಗ. "ನಾವು ನಿಲ್ಸಿದ್ರೆ ಇನ್ನೊಬ್ರು ಹೊಲಿದು ಕೊಡ್ತಾರೆ. ಆಮೇಲೆ ನಿಮ್ಮನೆ ಒಲೆ ಯಾರು ಹಚ್ತಾರೆ, ಆ ಕಡೆಯವರಾ?" ಮೇಸ್ತ್ರಿಯಂತೂ ಮೇಲಿನವರು ಕಲಿಸಿದ್ದನ್ನೇ ಒಪ್ಪಿಸುತ್ತಿದ್ದ: "ನಾವು ಮಾರೋದು ಬೂಟು ಕಣಮ್ಮ, ಬಂದೂಕಲ್ಲ." ನಾನು ಕೇಳಿದೆ, "ಬಂದೂಕು ತಾನಾಗೇ ನಡ್ಕೊಂಡು ಹೋಗತ್ತಾ ಸಾರ್?" ಎಲ್ಲರೂ ನಕ್ಕರು. ನಕ್ಕು ಎದ್ದು ಕೈ ತೊಳೆದು ಮತ್ತೆ ಅದೇ ಬೂಟಿನ ಮುಂದೆ ಕೂತೆವು.

ರೇಡಿಯೋದಲ್ಲಿ ನಮ್ಮ ಸರ್ಕಾರ ತೀವ್ರ ಕಳವಳ ವ್ಯಕ್ತಪಡಿಸಿತು. ನಿನ್ನ ಭಾವ, "ಕಳವಳ ಪಡೋಕೆ ಸರ್ಕಾರ ಯಾಕೆ ಬೇಕೇ? ನಾನು ದಿನಾ ಪಡ್ತೀನಿ, ಅದೂ ಬಿಟ್ಟಿ" ಎಂದು ರೇಡಿಯೋ ಆರಿಸಿದರು. ಪ್ರಾರ್ಥನೆಗೆ ಹೋದರೆ ಅಲ್ಲಿ ಗುರುಗಳು, ಎರಡೂ ಕಡೆಯವರಿಗೆ ಒಳ್ಳೆಯ ಬುದ್ಧಿ ಕೊಡು ಎಂದು ಬೇಡಿದರು. ನನಗೆ ತಡೆಯಲಾಗಲಿಲ್ಲ. ಎಲ್ಲರೂ ಹೋದ ಮೇಲೆ ಕೇಳಿದೆ: "ಗುರುಗಳೇ, ನನ್ನ ತಂಗಿಗೆ ಯಾವ ಬುದ್ಧಿ ಕಮ್ಮಿಯಾಗಿತ್ತು? ಅವಳು ಅವಳ ಮಹಡಿ ಮೇಲೆ ಬಟ್ಟೆ ಒಣಗಿಸ್ತಾ ಇದ್ಲು." ಅವರು ಕೆಟ್ಟವರಲ್ಲ. "ನಾನು ಯಾರ ಪರ ಅಂತ ದೇವರಿಗೆ ಹೇಗೆ ಹೇಳ್ಲಿ ತಾಯಿ?" ಎಂದರು. "ದೇವರಿಗೆ ಹೇಳ್ಬೇಡಿ, ಅವನಿಗೆ ಗೊತ್ತಿದೆ. ಇಲ್ಲಿ ಕೂತಿರೋರಿಗೆ ಹೇಳಿ" ಎಂದು ಬಂದುಬಿಟ್ಟೆ.

ಬಾಯಿ ಮಾತಿಗೆ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ, ನಿನಗೇ ಗೊತ್ತು. ಆದರೆ ಕೈಯಲ್ಲಿ ಏನಾದರೂ ಮಾಡಬೇಕು ಅನ್ನಿಸಿತು.

ಬೂಟಿಗೆ ಅಟ್ಟೆ ಹೊಲಿಯುವ ಕಡೆ ನಾವು ನಾಲ್ವರು ಹೆಂಗಸರು. ಮೆಷಿನ್ನಿನ ಪಕ್ಕ ಬಿಸಿ ಮೇಣದ ಒಂದು ಕುಡಿಕೆ ಇರುತ್ತದೆ. ಸೂಜಿಗೆ ಹೋಗುವ ದಾರ ಅದರಲ್ಲಿ ಮುಳುಗಿ ಬರಬೇಕು. ಮೇಣ ಕುಡಿದ ದಾರಕ್ಕೆ ನೀರು ತಾಗುವುದಿಲ್ಲ. ಮೇಣವಿಲ್ಲದ ದಾರವೂ ನೋಡಲು ಹಾಗೇ ಇರುತ್ತದೆ, ಎಳೆದರೂ ಗಟ್ಟಿ, ತಪಾಸಣೆಯವರಿಗೆ ಗೊತ್ತಾಗುವುದಿಲ್ಲ. ಆದರೆ ಕೆಸರಿನಲ್ಲಿ ಆರೇಳು ವಾರ ನಡೆದರೆ ಕೊಳೆತು, ಅಟ್ಟೆ ಬಾಯಿ ಬಿಟ್ಟುಕೊಳ್ಳುತ್ತದೆ. ನಾವು ಕುಡಿಕೆಗೆ ಮೇಣ ಹಾಕುವುದನ್ನು ನಿಲ್ಲಿಸಿದೆವು. ಮೊದಲು ಹೇಳಿದ್ದು ಯಾರು ಎಂದು ಕೇಳುತ್ತೀಯಲ್ಲ, ನಾನೇ. ಇಪ್ಪತ್ತಾರು ವರ್ಷದಲ್ಲಿ ಒಂದು ಹೊಲಿಗೆ ಕೆಡಿಸಿದವಳಲ್ಲ. "ಪಾಪ ಬರಲ್ವೇನಕ್ಕ?" ಎಂದು ಪಕ್ಕದ ಮೆಷಿನ್ನಿನವಳು ಕೇಳಿದಳು. "ಬಂದ್ರೆ ನನ್ನ ತಲೆ ಮೇಲೆ ಬರ್ಲಿ, ನೀನು ಹೊಲಿ" ಎಂದೆ. ಎಂಥಾ ಮಾತು ನೋಡು. ತಲೆ ನನ್ನದೊಂದೇ ಇದೆ ಎಂಬಂತೆ. ಹೀಗೆ ಆರು ಸಾವಿರ ಜೊತೆ ಹೊಲಿದೆವು.

ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರಕ್ಕೆ ಕಡೆಗೂ ಎಚ್ಚರವಾಗಿ, ಅವರಿಗೆ ಏನೂ ಮಾರಬಾರದು ಎಂದು ಆಜ್ಞೆ ಬಂತು. ಆರ್ಡರ್ ಪೂರ್ತಿಯಾದ ಮೇಲೆ ಒಟ್ಟಿಗೆ ಕಳಿಸುವುದೆಂದಿತ್ತು, ಹಾಗಾಗಿ ನಾವು ಹೊಲಿದದ್ದರಲ್ಲಿ ಒಂದು ಜೊತೆಯೂ ಆ ಕಡೆ ಹೋಗಿರಲಿಲ್ಲ, ಪೂರ್ತಿ ಸರಕು ಗೋದಾಮಿನಲ್ಲೇ ಉಳಿಯಿತು. ನಾವು ನಾಲ್ವರೂ ದೇವರಿಗೆ ಕೈ ಮುಗಿದೆವು. ಕಥೆ ಅಲ್ಲಿಗೇ ಮುಗಿಯಿತು ಅಂದುಕೊಂಡೆವು.

ಡಿಸೆಂಬರಿನಲ್ಲಿ ಮ್ಯಾನೇಜರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಭಾಷಣ ಮಾಡಿದರು. ನಮ್ಮ ದೇಶ ನಿಮ್ಮ ದೇಶಕ್ಕೆ ನೆರವು ಕಳಿಸುತ್ತಿದೆ, ನಮ್ಮ ಕಾರ್ಖಾನೆಯಿಂದ ಬೂಟು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಸ ಬೂಟು ಹೊಲಿಯುತ್ತೇವೆ ಅಂದುಕೊಂಡು ನಾನೂ ತಟ್ಟಿದೆ. ಮಾರನೆಯ ದಿನ ಗೋದಾಮಿನಿಂದ ಆ ಕಂದು ಬೂಟುಗಳನ್ನೇ ಹೊರಗೆ ತಂದು ಸುರಿದರು. ಕಂದು ಬಣ್ಣ ಶತ್ರುವಿನದಲ್ಲವೇ, ಅದಕ್ಕೆ ಕರಿ ಬಣ್ಣ ಹೊಡೆಯಬೇಕು. ನಾವೇ ಹೊಡೆದೆವು, ಮೂರು ವಾರ. ಆರು ಸಾವಿರ ಯಾವುದು, ಉಳಿದದ್ದು ಯಾವುದು, ಎಲ್ಲ ಕಲೆಸಿಹೋಗಿತ್ತು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಬಾಯಿ ಬಿಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ ಎಂಬ ಭಯ ಇತ್ತು. ಜನವರಿಯಲ್ಲಿ ಲಾರಿಗೆ ತುಂಬುವ ದಿನ ಮೇಸ್ತ್ರಿ, "ನೀವು ದೈವಭಕ್ತರು, ಪೆಟ್ಟಿಗೆ ಮೇಲೆ ಕೈಯಿಟ್ಟು ಎರಡು ಮಾತು ಬೇಡ್ಕೊಳ್ಳಿ" ಎಂದ. ಬೇಡಿಕೊಂಡೆ, ತಂಗೀ. ಹಾಕಿಕೊಳ್ಳುವವರ ಕಾಲು ಕಾಯಿ ತಂದೆ ಎಂದು ಜೋರಾಗಿ, ಎಲ್ಲರಿಗೂ ಕೇಳುವಂತೆ ಬೇಡಿಕೊಂಡೆ.

ಆಮೇಲೆ ನಿನ್ನ ಕಾಗದ ಬಂತು. ಮಗನಿಗೆ ಹೊಸ ಬೂಟು ಸಿಕ್ಕಿದೆ, ಲೇಸಿನ ಕೆಳಗಿನ ನಾಲಗೆಯ ಒಳಗೆ ನಮ್ಮ ಕಾರ್ಖಾನೆಯ ಮುದ್ರೆ ಇದೆ, "ಇದು ನಮ್ಮ ದೊಡ್ಡಮ್ಮ ಹೊಲಿದದ್ದು ಕಣ್ರೋ" ಎಂದು ಜೊತೆಯವರಿಗೆಲ್ಲ ತೋರಿಸಿದನಂತೆ. ಮಡಿಕೆ ಬಿದ್ದ ಕಡೆ ಕರಿ ಬಣ್ಣ ಬಿಟ್ಟು ಒಳಗೆ ಕಂದು ಕಾಣುತ್ತದೆ, ಅದೇನು ಹೊಸ ಫ್ಯಾಷನ್ನಾ ದೊಡ್ಡಮ್ಮನ್ನ ಕೇಳು ಎಂದು ತಮಾಷೆ ಮಾಡಿದ್ದನಂತೆ. ನೀನು ಅದನ್ನು ಹಾಗೇ ಬರೆದಿದ್ದೆ. ಅವನಿಗೆ ಬೂಟು ಸಿಕ್ಕಿದ್ದು ಫೆಬ್ರವರಿ ಮೊದಲ ವಾರ. ಇದು ಐದನೆಯ ವಾರ. ನಾನು ದಿನಾ ಬೆರಳು ಮಡಿಸಿ ಎಣಿಸುತ್ತಿದ್ದೇನೆ.

ನಿನ್ನೆ ಶನಿವಾರ ಮ್ಯಾನೇಜರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬೂಟು ಹೋದ ಕಡೆಗೆ ಒಂದು ತಂತಿಯೋ ಪತ್ರವೋ ಕಳಿಸಿ, ಬೂಟು ವಾಪಸು ತರಿಸಿ, ರಾತ್ರಿ ಹಗಲು ಕೂತು ಬಿಟ್ಟಿ ಹೊಲಿದುಕೊಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಈಗ ಹೇಳಿ ಏನಮ್ಮ ಪ್ರಯೋಜನ? ನೆರವು ಕೊಟ್ಟಿದೀವಿ ಅಂತ ಮಂತ್ರಿಗಳು ಊರೆಲ್ಲ ಹೇಳ್ಕೊಂಡಿದಾರೆ. ದೇಶದ ಮರ್ಯಾದೆ ಏನಾಗ್ಬೇಕು?" ಎಂದರು. "ಮರ್ಯಾದೆ ಒದ್ದೆ ಆಗಲ್ಲ ಸಾರ್, ಕಾಲು ಆಗತ್ತೆ" ಎಂದೆ. ಸೋಮವಾರದಿಂದ ಬರಬೇಡಿ ಎಂದರು. ಉಳಿದ ಮೂವರ ಹೆಸರು ಕೇಳಿದರು. ಹೇಳಲಿಲ್ಲ.

ಹೊರಗಿನವರು ಏನು ಮಾಡಬೇಕಿತ್ತು ಎಂದು ನೀನು ಆವತ್ತೊಮ್ಮೆ ಸಿಟ್ಟಿನಲ್ಲಿ ಕೇಳಿದ್ದೆ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವಳು ನಾನು, ದೇಶದೇಶದ ವ್ಯವಹಾರ ನನಗೇನು ಗೊತ್ತು. ಆದರೂ ಇಷ್ಟು ಹೇಳುತ್ತೇನೆ. ಮನೆಗೆ ನುಗ್ಗಿದವನನ್ನೂ ಮನೆಯವಳನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ನುಗ್ಗಿದವನಿಗೆ ಒಂದು ಮೊಳೆಯನ್ನೂ ಮಾರಬಾರದು, ಅದೂ ಮೊದಲ ದಿನದಿಂದಲೇ. ಮನೆಯವಳು ಕೇಳಿದ್ದನ್ನು ಕೇಳಿದಾಗ ಕೊಡಬೇಕು. ನಮ್ಮ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದದ್ದನ್ನು ಬಣ್ಣ ಹೊಡೆದು ಕೊಟ್ಟು ಚಪ್ಪಾಳೆ ತಟ್ಟಿಕೊಳ್ಳಬಾರದು. ಈಗ ದೊಡ್ಡ ದೊಡ್ಡವರು, ಒಂದಿಷ್ಟು ಜಾಗ ಬಿಟ್ಟುಕೊಟ್ಟು ರಾಜಿಯಾಗಿ ಎನ್ನುತ್ತಿದ್ದಾರಲ್ಲ, ನಿನ್ನ ಅಡುಗೆಮನೆ ಬಿಟ್ಟುಕೊಡು ಎನ್ನುವವರೆಲ್ಲ ತಮ್ಮ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತಿದ್ದಾರೆ. ಯುದ್ಧ ನಿಲ್ಲಲಿ ಎಂದು ನಾನೂ ಬೇಡುತ್ತೇನೆ. ಎಷ್ಟು ಬೇಡುತ್ತೇನೆ ಎಂದರೆ ಬೇಡಿ ಬೇಡಿ ಬಾಯಿ ಒಣಗಿದೆ. ಆದರೆ ನಿನ್ನ ಸೋಲನ್ನು ಶಾಂತಿ ಎಂದು ಕರೆಯಲು ನನ್ನಿಂದಾಗದು.

ಈಗ ಕೆಲಸದ ಮಾತು. ಬೂಟಿನ ಅಟ್ಟೆಯ ಸುತ್ತ ಹೊಲಿಗೆ ಕಾಣುತ್ತದಲ್ಲ, ಅದನ್ನು ಉಗುರಿನಿಂದ ಕೆರೆಯಬೇಕು. ಉಗುರಿಗೆ ಮೇಣ ಹತ್ತಿದರೆ ಆ ಬೂಟು ಒಳ್ಳೆಯದು. ಹತ್ತದಿದ್ದರೆ ಕೂಡಲೇ ಬಿಚ್ಚಿಡಬೇಕು. ಬೇರೆ ಬೂಟು ಸಿಗದಿದ್ದರೆ ಹಳೆಯ ಹೊಲಿಗೆಯ ಪಕ್ಕದಲ್ಲೇ ದಬ್ಬಳದಿಂದ ತೂತು ಮಾಡಿ ಇನ್ನೊಂದು ಸಾಲು ಹೊಲಿಯಲಿ. ಎರಡು ದಬ್ಬಳ, ನಾನೇ ಮೇಣ ಕುಡಿಸಿದ ದಾರದ ಆರು ಉಂಡೆ ಇದರ ಜೊತೆ ಇಟ್ಟಿದ್ದೇನೆ. ಅವನೊಬ್ಬನಿಗೇ ಹೇಳಿ ಸುಮ್ಮನಾಗಬೇಡ. ಈ ಕಾಗದವನ್ನು ನಿಮ್ಮ ಅಧಿಕಾರಿಗಳಿಗೆ ತೋರಿಸು, ಎಲ್ಲರ ಬೂಟೂ ನೋಡಲಿ. ನನ್ನನ್ನು ಮರೆಮಾಡಬೇಡ. ಅಕ್ಕ ಎಂದು ಕನಿಕರವೂ ಬೇಡ.

ನಿನಗೆ ಸಿಟ್ಟು ಬಂದರೆ ಬರೆದು ಬೈ. ಬರೆಯದೇ ಇರಬೇಡ, ಅದನ್ನು ನಾನು ತಾಳಲಾರೆ.

ನಿನ್ನ ಮನೆಯ ಗೋಡೆ ನಿಂತಿರಲಿ. ಮಗ ಎರಡು ಕಾಲ ಮೇಲೆ ನಡೆದುಕೊಂಡು ನಿನ್ನ ಬಾಗಿಲಿಗೆ ಬರಲಿ. ದೇವರು ನನ್ನ ಪಾಲಿನ ಆಯಸ್ಸಿನಲ್ಲಿ ಎಷ್ಟು ಬೇಕೋ ಅಷ್ಟು ತೆಗೆದು ಅವನಿಗೆ ಕೊಡಲಿ.

ನಿನ್ನ ಅಕ್ಕ

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ಡ್ರೈವರ್ ಬಾಗಿಲಲ್ಲಿ ನಿಂತಿದ್ದಾನೆ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ ಎಂಬ ಭಯಕ್ಕೆ ಬಾಯಿ ಬಿಡಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಭಯ ಇತ್ತು, ಸುಳ್ಳಲ್ಲ. ಆದರೆ ಪೂರ್ತಿ ಅದೇ ಅಲ್ಲ. ನಿಮ್ಮ ಕಡೆ ಲಕ್ಷಗಟ್ಟಲೆ ಹುಡುಗರಿದ್ದಾರೆ, ಆ ಬೂಟು ಯಾರದೋ ಮಗನಿಗೆ ಹೋಗುತ್ತದೆ ಅಂದುಕೊಂಡಿದ್ದೆ, ತಂಗೀ. ಹಾಗಂದುಕೊಂಡು ಆ ಮೂರು ವಾರ ಬಣ್ಣ ಹೊಡೆದೆ, ಮನೆಗೆ ಬಂದು ಉಂಡೆ, ಮಲಗಿದೆ, ನಿದ್ದೆಯೂ ಬಂತು. ನಿನ್ನ ಕಾಗದ ಬರದೇ ಹೋಗಿದ್ದರೆ ಇವತ್ತೂ ಬರುತ್ತಿತ್ತು.