ಎಡಗೈಯ ಸದ್ದು

ವಾಮದಪದವು
೯-೧೦-೨೦೨೫, ಗುರುವಾರ

ಪ್ರೀತಿಯ ಫಾಹಿಮಾ,

ಸಲಾಂ. ಪುಣೆಯಲ್ಲಿ ನೀನು ಸೌಖ್ಯವಾಗಿದ್ದೀಯೆಂದು ನಂಬಿದ್ದೇನೆ. ನನ್ನ ಸೌಖ್ಯ ಬರೆಯುವ ಹಾಗಿಲ್ಲ. ನಿನ್ನ ವಾಯ್ಸ್ ಮೆಸೇಜಿಗೆ ಉತ್ತರ ಕೊಡಲಿಲ್ಲವೆಂದು ಸಿಟ್ಟಾಗಬೇಡ. ಫೋನಿನಲ್ಲಿ ನೀನು ಡಾಕ್ಟರಾಗಿಬಿಡುತ್ತೀ, ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಕಾಗದವಾದರೆ ಮುಗಿಯುವ ತನಕ ನಾನೇ ಮಾತಾಡಬಹುದು.

ಎಡಗೈ ಕೆಟ್ಟಿದೆ. ಡಯಾಲಿಸಿಸಿನ ಸೂಜಿ ಚುಚ್ಚಲೆಂದು ಮಣಿಕಟ್ಟಿನ ಹತ್ತಿರ ಎರಡು ನರಗಳನ್ನು ಸೇರಿಸಿ ಹೊಲಿದಿದ್ದರಲ್ಲ, ಅದೇ ಜಾಗ. ರಕ್ತ ನುಗ್ಗುವಾಗ ಅಲ್ಲಿ ಗುಂಯ್ ಎಂದು ಸದ್ದು ಬರುತ್ತಿತ್ತು. ಅದನ್ನು ನಾನು ಊರಿಗೆಲ್ಲ ಕೇಳಿಸಿದವನು. ಚಾದ ಅಂಗಡಿಯಲ್ಲಿ ತಿರುಮಲೇಶ್ವರ ಮಾಷ್ಟ್ರ ಕಿವಿಗೆ ಈ ಕೈ ಹಿಡಿದಾಗ ಅವರು ಹೌಹಾರಿ, "ಎಂಥ ಮಾರಾಯ, ಒಳಗೆ ಮೋಟರು ಇಟ್ಟಿದ್ದೀಯಾ?" ಎಂದರು. "ಎರಡು ಎಚ್‌ಪಿ, ಮಾಷ್ಟ್ರೇ. ಕರೆಂಟು ಬೇಡ" ಎಂದೆ. ಅಂಗಡಿಯವನು ನಕ್ಕು ನಕ್ಕು ಚಾ ಚೆಲ್ಲಿದ.

ಕಳೆದ ತಿಂಗಳು ಸದ್ದು ತಗ್ಗಿತು. ಹುಡುಗ ಪ್ರಾಯದಿಂದ ಪಂಪು ರಿಪೇರಿ ಮಾಡುವವನಿಗೆ ಇದಕ್ಕಿಂತ ಖುಷಿ ಏನುಂಟು? ಬೇರಿಂಗ್ ಬದಲಾಯಿಸಿದ ಪಂಪು ತಣ್ಣಗೆ ಓಡುವ ಹಾಗೆ ನರವೂ ಹದಕ್ಕೆ ಬಂತೆಂದುಕೊಂಡೆ. ಸಿದ್ಧಕಟ್ಟೆಯಲ್ಲಿ ಕಂಡಕಂಡವರಿಗೆಲ್ಲ ಕೊಚ್ಚಿಕೊಂಡೂ ಬಂದೆ.

ಬಂಟ್ವಾಳದ ಡಯಾಲಿಸಿಸ್ ಸೆಂಟರಿನಲ್ಲಿ ಅಶ್ವಿತಾ ಎಂಬ ಹುಡುಗಿ ಮೆಷಿನು ನೋಡಿಕೊಳ್ಳುತ್ತಾಳೆ; ನನ್ನನ್ನು ಸಮದಾಕ ಎಂದೇ ಕರೆಯುವುದು. ನರದ ಮೇಲೆ ಬೆರಳಿಟ್ಟವಳ ಮುಖ ಸಪ್ಪಗಾಯಿತು.

"ಸದ್ದು ಯಾವಾಗ ನಿಂತದ್ದು ಸಮದಾಕ?"

"ನಿಂತದ್ದಲ್ಲ, ಅಡ್ಜಸ್ಟ್ ಆದದ್ದು."

"ನಿಮ್ಮ ತಲೆ! ರಕ್ತ ಸರಿ ಹೋಗ್ತಾ ಇಲ್ಲ. ಸದ್ದು ಕಡಿಮೆಯಾದ್ರೆ ಕೂಡ್ಲೇ ಬನ್ನಿ ಅಂತ ಎಷ್ಟು ಸಲ ಹೇಳಿದ್ದೇನೆ ನಾನು?"

ಹೇಳಿದ್ದಳು. ಅವಳು ಹೇಳುವಾಗ ನಾನು ಮೆಷಿನಿನ ಪಂಪು ನೋಡುತ್ತಿದ್ದೆ.

ಮಂಗಳೂರಿಗೆ ಓಡಿದೆವು. ಹೊಲಿಗೆಯ ಹತ್ತಿರ ನರ ಕಿರಿದಾಗಿದೆಯೆಂದು ಡಾಕ್ಟರು ಬಲೂನ್ ಹಾಕಿ ಬಿಡಿಸಿದರು. "ಮೊದಲೇ ಲಾಂಗ್ ಬೆಂಡ್ ಕೊಡಬಹುದಿತ್ತಲ್ಲ ಸಾರ್? ಇಷ್ಟು ಗಿಡ್ಡ ತಿರುವು ಕೊಟ್ರೆ ನೀರು ಕೂಡ ಒದೀತದೆ" ಎಂದೆ. ಅವರು ನಕ್ಕು, "ನಿಮ್ಮ ಪೈಪು ಒದೆ ತಿಂದು ಸುಮ್ಮನಿರ್ತದೆ. ಇದು ಸುಮ್ಮನಿರುವುದಿಲ್ಲ" ಎಂದರು.

ಆಮೇಲೆ ನಿನ್ನ ಮೆಸೇಜನ್ನು ಪುನಃ ಪುನಃ ಕೇಳಿದೆ. ನರದ ಒಳಪದರಕ್ಕೆ ಜೀವ ಉಂಟು, ರಕ್ತ ತನ್ನ ಮೇಲೆ ಹೇಗೆ ಹರಿಯುತ್ತದೆಂದು ಅದಕ್ಕೆ ತಿಳಿಯುತ್ತದೆ ಎಂದಿದ್ದೀ. ನೇರವಾಗಿ ಸವರಿಕೊಂಡು ಹೋದರೆ ಅದು ಆರೋಗ್ಯವಾಗಿರುತ್ತದೆ. ತಿರುವಿನಲ್ಲಿ ಸುಳಿ ಎದ್ದು ಹಿಂದೆ ಮುಂದೆ ಉಜ್ಜಿದರೆ ಕೆರಳಿ ಗೋಡೆಯನ್ನು ದಪ್ಪ ಮಾಡುತ್ತದೆ ಎಂದಿದ್ದೀ. ಏಳನೇ ಕ್ಲಾಸಿನವನಿಗೆ ಇಷ್ಟು ಅರ್ಥವಾಯಿತು. ಅರ್ಥವಾದ ಮೇಲೆ ಸಿಟ್ಟು ಹೆಚ್ಚಾಯಿತು. ರಕ್ತ ಜೋರಾಗಿ ನುಗ್ಗದಿದ್ದರೆ ಮೆಷಿನು ನಡೆಯುವುದಿಲ್ಲ. ನುಗ್ಗಿದರೆ ಅದೇ ಹೊಲಿಗೆಯ ಜಾಗವನ್ನು ಕೆಡಿಸುತ್ತದೆ. ಇದೆಂಥ ನ್ಯಾಯ? ಉಪ್ಪು ಬಿಟ್ಟೆ, ಬೀಡಿ ಬಿಟ್ಟೆ, ನೀರನ್ನೂ ಅಳೆದು ಕುಡಿಯುತ್ತೇನೆ. ಈ ನರ ಮಾತ್ರ ನನ್ನ ಮಾತು ಕೇಳುವುದಿಲ್ಲ.

ಬಿಡಿಸಿದ್ದು ಎಷ್ಟು ಕಾಲ ಬಾಳುತ್ತದೆಂದು ಯಾರೂ ಹೇಳುವುದಿಲ್ಲ. ಇನ್ನೊಮ್ಮೆ ಮುಚ್ಚಿದರೆ ಬಲಗೈಗೆ ಹೊಲಿಯಬಹುದಂತೆ. ಆಮೇಲೆ ಆ ಕೈಯಲ್ಲಿ ಭಾರ ಎತ್ತಬಾರದು, ಸ್ಪ್ಯಾನರ್ ಒತ್ತಿ ತಿರುಗಿಸಬಾರದು. ನಿನ್ನ ಮಾಮ ಬಾಯಿಯಲ್ಲೇ ಪಂಪು ರಿಪೇರಿ ಮಾಡಬೇಕಾದೀತು. "ಅದು ಈಗಲೂ ಹಾಗೆಯೇ ಅಲ್ವಾ?" ಎನ್ನುತ್ತಾಳೆ ನಿನ್ನ ಮಾಮಿ. ಮೊದಲಾಗಿದ್ದರೆ ನಾನೂ ನಗುತ್ತಿದ್ದೆ.

ಮೊನ್ನೆ ಅಶ್ವಿತಾ, "ಕಿಡ್ನಿ ಕೊಡ್ಲಿಕ್ಕೆ ನಿಮ್ಮ ತಂಗಿ ಅವ್ವಮ್ಮ ಇದ್ದಾರಲ್ಲ, ಅದೆಲ್ಲಿಗೆ ಬಂತು?" ಎಂದು ಕೇಳಿದಳು. "ಅವ್ವಮ್ಮನ ಕಿಡ್ನಿ ನನ್ನೊಳಗೆ ಬಂದ್ರೂ ನನಗೇ ಬೈದೀತು, ಬೇಡಪ್ಪ" ಎಂದು ಅವಳನ್ನು ನಗಿಸಿಬಿಟ್ಟೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪುಸ್ತಕ ಹಿಡಿದರೆ ನಿನಗೆ ಹಸಿವೆಯೂ ನೆನಪಾಗುವುದಿಲ್ಲ. ಅಲ್ಲಾಹು ನಿನ್ನ ಓದಿಗೂ ಕೈಗುಣಕ್ಕೂ ಬರಕತ್ ಕೊಡಲಿ.

ನಿನ್ನ ಮಾಮ,
ಅಬ್ದುಲ್ ಸಮದ್

ತಾ.ಕ.: ಕಿಡ್ನಿ ಕೊಡುವುದು ಬೇಡವೆಂದು ನಿನ್ನ ಉಮ್ಮನನ್ನು ತಡೆದವಳು ನೀನೆಂದು ನನಗೆ ಗೊತ್ತು. ಅವಳ ಬಿಪಿ ನೋಡಿದರೆ ನೀನು ಹೇಳಿದ್ದು ಸರಿ. ಮಗಳಾದವಳು ಅದನ್ನೇ ಹೇಳಬೇಕು. ಆದರೆ ಅಂದಿನಿಂದ ಅವ್ವಮ್ಮ ನಮ್ಮ ಮನೆಗೆ ಬಂದಿಲ್ಲ. ಕಳೆದ ವಾರ ಬಿ.ಸಿ. ರೋಡಿನಲ್ಲಿ ಸಿಕ್ಕಿದಳು. ಮೂಡುಬಿದಿರೆಯ ಮನೆಗೆ ಹೋಗಬೇಕಾದವಳು ನನ್ನನ್ನು ಕಂಡದ್ದೇ ಬೆಳ್ತಂಗಡಿಯ ಬಸ್ಸು ಹತ್ತಿದಳು. ಕಿಟಕಿಯ ಹತ್ತಿರ ಹೋಗಿ ಕರೆದೆ. ಎದುರಿನ ಸೀಟನ್ನೇ ನೋಡುತ್ತ ಕುಳಿತಳು. ಕಿಡ್ನಿಯ ಮಾತು ಅಣ್ಣ ಇನ್ನು ಎತ್ತುವುದಿಲ್ಲವೆಂದು ನೀನೇ ಅವಳಿಗೆ ಹೇಳು. ನನ್ನ ಫೋನನ್ನು ಅವಳು ತೆಗೆಯುವುದಿಲ್ಲ.